ಎಚ್ಚರಿಕೆಯ ದೀಪ

ಯಂತ್ರಗಳಿಗೂ ಒಂದು ಭಾಷೆಯುಂಟು. ಎತ್ತಿನ ಬಂಡಿಯ ಅಚ್ಚು ಕಿರುಗುಟ್ಟತೊಡಗಿದರೆ ಒಕ್ಕಲಿಗನು ಕಿವಿ ಮುಚ್ಚಿಕೊಳ್ಳುವುದಿಲ್ಲ. ಬಂಡಿ ನಿಲ್ಲಿಸಿ ಕೀಲೆಣ್ಣೆ ಹಾಕುತ್ತಾನೆ. ಸದ್ದು ನಿಂತದ್ದು ಅವನಿಗೆ ಮುಖ್ಯವಲ್ಲ, ಅಚ್ಚು ಸವೆಯುವುದು ನಿಂತಿತೆಂಬುದು ಮುಖ್ಯ. ಇಂದಿನ ಮೋಟಾರು ಕಾರು ಕಿರುಗುಟ್ಟುವುದಿಲ್ಲ. ಅದು ಚಾಲಕನ ಕಣ್ಣೆದುರಿಗೆ ಸಣ್ಣ ಸಣ್ಣ ದೀಪಗಳನ್ನು ಹೊತ್ತಿಸಿ ಮಾತನಾಡುತ್ತದೆ. ಆ ದೀಪಗಳಲ್ಲೊಂದು ಕುದುರೆಯ ಲಾಳದಂತಿದ್ದು, ನಡುವೆ ಉದ್ಗಾರ ಚಿಹ್ನೆಯನ್ನು ಹೊಂದಿರುತ್ತದೆ. ‘ಯಾವುದೋ ಟೈರಿನಲ್ಲಿ ಗಾಳಿ ಇಳಿದಿದೆ, ನೋಡು’ ಎಂಬುದು ಅದರ ಅರ್ಥ. ಈ ಪುಟ್ಟ ದೀಪವು ಒಂದು ಮನೆಯಲ್ಲಿ ತಂದೆ ಮಕ್ಕಳ ನಡುವೆ ಒಂದು ದಿನದ ವಾಗ್ವಾದಕ್ಕೂ, ಬಹುಕಾಲದ ಚಿಂತನೆಗೂ ಕಾರಣವಾದ ಸಂಗತಿ ಇಲ್ಲಿದೆ.

ಧಾರವಾಡ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ 34 ವರ್ಷಗಳ ಕಾಲ ಗಣಿತ ಮತ್ತು ವಿಜ್ಞಾನಗಳನ್ನು ಬೋಧಿಸಿ ನಿವೃತ್ತರಾದ ಮಾಸ್ತರರೊಬ್ಬರು ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ನೆಲೆಸಿದ ಮಗನ ಮನೆಗೆ ಹೋಗಿದ್ದರು. ನವೆಂಬರ್ ತಿಂಗಳ ಕೊನೆಯ ವಾರ. ಮಾಂಟ್ರಿಯಲ್ ನಗರವಿರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರುಗಳಿಗೆ ಚಳಿಗಾಲದ ಟೈರುಗಳನ್ನು ಹಾಕಿಕೊಳ್ಳುವುದು ಕಾನೂನಿನಂತೆ ಕಡ್ಡಾಯ. ಬೇಸಿಗೆಯ ಟೈರಿನ ರಬ್ಬರು ಚಳಿಗೆ ಬಿರುಸಾಗಿ ಹಿಮದ ಮೇಲೆ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟೈರಿನ ರಬ್ಬರು ಆ ಶೀತದಲ್ಲಿಯೂ ಮೆದುವಾಗಿಯೇ ಉಳಿಯುತ್ತದೆ. ಆದ್ದರಿಂದ ಅಲ್ಲಿಯ ಅನೇಕ ಮನೆಗಳಲ್ಲಿ ಪ್ರತಿ ಕಾರಿಗೂ ಎರಡು ಜೊತೆ ಗಾಲಿಗಳಿರುತ್ತವೆ. ಒಂದು ಜೊತೆ ಕಾರಿನಲ್ಲಿದ್ದಾಗ ಇನ್ನೊಂದು ನೆಲಮಾಳಿಗೆಯಲ್ಲಿ ವಿಶ್ರಮಿಸುತ್ತದೆ.

ಆ ದಿನಗಳಲ್ಲಿ ಗ್ಯಾರೇಜುಗಳ ಮುಂದೆ ಉದ್ದನೆಯ ಸರದಿ. ಅದನ್ನು ಕಾಯಲಾರದೆ ಮಗನು ಶುಕ್ರವಾರ ಸಂಜೆ ಕಚೇರಿಯಿಂದ ಬಂದವನೇ ಜಾಕ್ ಏರಿಸಿ, ತನ್ನ ಕಾರಿನ ನಾಲ್ಕು ಗಾಲಿಗಳನ್ನೂ ತಾನೇ ಬದಲಾಯಿಸಿದನು. ನಟ್ಟುಗಳನ್ನು ಒಂದರ ಪಕ್ಕದ್ದೊಂದಲ್ಲದೆ ಎದುರುಬದಿರಾಗಿ ಬಿಗಿಯುವ ಕ್ರಮವನ್ನು ಕಂಡು ಮಾಸ್ತರರು ಮೆಚ್ಚಿದರು. ಆದರೆ ಪರೀಕ್ಷೆಗೆಂದು ಕಾರನ್ನು ಬಡಾವಣೆಯಲ್ಲಿ ಸುತ್ತಾಡಿಸಿ ತರುವಷ್ಟರಲ್ಲಿ ಲಾಳದ ದೀಪ ಹೊತ್ತಿಕೊಂಡಿತು. ಭಾನುವಾರ 250 ಕಿಲೋಮೀಟರ್ ದೂರದ ಕ್ವಿಬೆಕ್ ನಗರಕ್ಕೆ ಹೋಗಬೇಕಾಗಿತ್ತು. ಅಲ್ಲಿಯ ಗೆಳೆಯನ ಮನೆಯಲ್ಲಿ ಮಗುವಿನ ತೊಟ್ಟಿಲ ಕಾರ್ಯಕ್ರಮ. ಬೆಳಗಾದ ಮೇಲೆ ನೋಡಿದರಾಯಿತೆಂದು ಎಲ್ಲರೂ ಮಲಗಿದರು.

ಶನಿವಾರ ಬೆಳಿಗ್ಗೆ ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿ. ಮಗನು ಕಾರಿನೊಳಗೆ ಕುಳಿತು ಒಂದು ಗುಂಡಿಯ ಮೇಲೆ ಬೆರಳಿಟ್ಟಿದ್ದನು.

“ಅಪ್ಪಾ, ಗಾಲಿ ಬದಲಿ ಮಾಡಿದ ಮ್ಯಾಲೆ ಈ ದೀಪ ಹತ್ತೂದು ಸಹಜ. ಇದನ್ನ ಒತ್ತಿ ಹಿಡದ್ರ ಆರತದ.”

“ಆರತದ ಅನ್ನೂದು ಖರೆ. ಗಾಳಿ ಎಷ್ಟದ ಅಂತ ನೋಡೀ ಏನಪಾ?”

“ಏಪ್ರಿಲ್‌ದಾಗ ತೆಗೆದು ಇಟ್ಟಾಗ ಎಲ್ಲಾ ಸರಿನ ಇತ್ತಲ್ಲ.”

“ಏಪ್ರಿಲ್‌ದಾಗ ಇದ್ದದ್ದು ನವೆಂಬರ್‌ದಾಗ ಇರತದೇನು? ಆ ಗುಂಡಿ ಏನು ಮಾಡತದ, ಮದಲ ಅದನ್ನ ಹೇಳು.”

ಮಗನು ಕೈಪಿಡಿಯನ್ನು ತೆರೆದು ಓದಿದನು. ಆ ಕಾರಿನ ಟೈರುಗಳೊಳಗೆ ಒತ್ತಡವನ್ನು ಅಳೆಯುವ ಯಾವ ಸಾಧನವೂ ಇರಲಿಲ್ಲ. ಬ್ರೇಕು ಒತ್ತಿದಾಗ ಗಾಲಿಗಳು ಬಿಗಿದುಕೊಳ್ಳದಂತೆ ತಡೆಯುವ ವ್ಯವಸ್ಥೆಗಾಗಿ ಪ್ರತಿ ಗಾಲಿಯ ವೇಗವನ್ನು ಎಣಿಸುವ ಸಂವೇದಕಗಳಿರುತ್ತವೆ. ಅವುಗಳಿಂದಲೇ ಕಾರು ಗಾಳಿಯ ಸ್ಥಿತಿಯನ್ನು ಊಹಿಸುತ್ತಿತ್ತು. ಗಾಳಿ ಇಳಿದ ಟೈರಿನ ತ್ರಿಜ್ಯ ತುಸು ಕುಗ್ಗುತ್ತದೆ. ಅಷ್ಟೇ ದೂರವನ್ನು ಕ್ರಮಿಸಲು ಅದು ಇತರ ಗಾಲಿಗಳಿಗಿಂತ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಆ ವ್ಯತ್ಯಾಸವನ್ನು ಕಂಡೊಡನೆ ದೀಪ ಹೊತ್ತುತ್ತದೆ. ಗುಂಡಿಯನ್ನು ಒತ್ತಿದರೆ ಗಾಳಿ ತುಂಬುವುದಿಲ್ಲ, ಅಳತೆಯೂ ಆಗುವುದಿಲ್ಲ. ‘ಈಗ ಇರುವ ಸ್ಥಿತಿಯೇ ಸರಿಯಾದ ಸ್ಥಿತಿ, ಇನ್ನು ಮುಂದೆ ಇದನ್ನೇ ಪ್ರಮಾಣವೆಂದು ತಿಳಿ’ ಎಂದು ಕಾರಿಗೆ ಆಜ್ಞೆ ಕೊಟ್ಟಂತಾಗುತ್ತದೆ, ಅಷ್ಟೇ. ಮುಂದಿನ ಕೆಲವು ಹೊತ್ತಿನ ಓಡಾಟದಲ್ಲಿ ಕಾರು ಆ ಪ್ರಮಾಣವನ್ನು ಕಲಿತುಕೊಳ್ಳುತ್ತದೆ.

ಇದನ್ನು ಕೇಳಿದ ಮಾಸ್ತರರು ನಕ್ಕರು. “ಹುಡುಗ ಬರೆದದ್ದನ್ನ ಸರಿ ಉತ್ತರ ಅಂತ ಮಾಡಿ ನೂರಕ್ಕ ನೂರು ಕೊಟ್ಟಂಗಾತು” ಎಂದರು. ಆ ಮಾತು ಮಗನಿಗೆ ನಾಟಿತು. ಆದರೂ ಹೊರಡುವ ತಯಾರಿ ಬಹಳವಿತ್ತು, ಚಳಿಯೂ ಕೊರೆಯುತ್ತಿತ್ತು. ಅಸಮಾಧಾನದಿಂದಲೇ ಒತ್ತಡಮಾಪಕವನ್ನು ತಂದನು.

ಚಾಲಕನ ಬಾಗಿಲಿನ ಕಂಬಕ್ಕೆ ಅಂಟಿಸಿದ ಚೀಟಿಯಂತೆ ಪ್ರತಿ ಟೈರಿನಲ್ಲಿಯೂ ಚದರ ಅಂಗುಲಕ್ಕೆ 33 ಪೌಂಡ್ ಒತ್ತಡವಿರಬೇಕು. ಇದು ತಣ್ಣಗಿರುವ ಟೈರಿನ ಅಳತೆ. ಅಂದರೆ ಕಾರು ಮೂರು ಗಂಟೆಯಾದರೂ ನಿಂತಿರಬೇಕು. ರಾತ್ರಿಯಿಡೀ ನಿಂತಿದ್ದ ಕಾರಾದ್ದರಿಂದ ಅಳತೆಗೆ ಅದು ಯೋಗ್ಯ ವೇಳೆಯೇ ಆಗಿತ್ತು. ಮೂರು ಗಾಲಿಗಳಲ್ಲಿ 28 ಪೌಂಡ್ ತೋರಿಸಿತು. ಬಲಗಡೆಯ ಹಿಂದಿನ ಗಾಲಿಯಲ್ಲಿ ಮಾತ್ರ 20.

ಮೂರು ಗಾಲಿಗಳ ಕಥೆಯನ್ನು ಮಾಸ್ತರರು ಲಕೋಟೆಯೊಂದರ ಬೆನ್ನಿನ ಮೇಲೆ ಲೆಕ್ಕ ಮಾಡಿ ಬಿಡಿಸಿದರು. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡವು ನಿರಪೇಕ್ಷ ತಾಪಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ಅವರು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದರೋ! ಮಾಪಕದ 33ಕ್ಕೆ ವಾಯುಮಂಡಲದ 14.7 ಸೇರಿಸಿದರೆ 47.7. ನೆಲಮಾಳಿಗೆಯ 20 ಡಿಗ್ರಿ ಎಂದರೆ ನಿರಪೇಕ್ಷ ಮಾನದಲ್ಲಿ 293. ಹೊರಗಿನ ಚಳಿ 263. ಗುಣಿಸಿ ಭಾಗಿಸಿ, ವಾಯುಮಂಡಲದ ಪಾಲನ್ನು ಕಳೆದಾಗ ಬಂದ ಉತ್ತರ 28. ಸರಿಸುಮಾರು ಐದೂವರೆ ಡಿಗ್ರಿ ತಾಪ ಇಳಿದಂತೆಲ್ಲ ಒಂದು ಪೌಂಡ್ ಒತ್ತಡ ಇಳಿಯುತ್ತದೆ. ಆ ಮೂರು ಟೈರುಗಳಲ್ಲಿ ಗಾಳಿ ಸೋರಿರಲಿಲ್ಲ, ಚಳಿಗೆ ಮುದುಡಿತ್ತು. ನಾಲ್ಕನೆಯದರಲ್ಲಿ ಕಾಣೆಯಾದ ಎಂಟು ಪೌಂಡುಗಳಿಗೆ ಚಳಿಯು ಉತ್ತರ ಹೇಳಲಾರದು.

ಮಾಸ್ತರರು ಬಿಸಿನೀರಿಗೆ ಸಾಬೂನು ಕದಡಿ ತರಿಸಿದರು. ಊರಿನ ಸೈಕಲ್ ಅಂಗಡಿಯಲ್ಲಿ ಬಕೆಟ್ಟಿನ ನೀರಿನೊಳಗೆ ಟ್ಯೂಬನ್ನು ಅದ್ದಿ ಗುಳ್ಳೆ ಹುಡುಕುವುದನ್ನು ಕಂಡವರಿಗೆ ಇದು ಹೊಸದಲ್ಲ. ವಾಲ್ವಿನ ಬುಡಕ್ಕೆ ನೊರೆ ಹಚ್ಚಿದೊಡನೆ ಒಂದರ ಹಿಂದೊಂದು ಸಣ್ಣ ಗುಳ್ಳೆಗಳು ಎದ್ದವು. ಹಳೆಯದಾದ ರಬ್ಬರು ವಾಲ್ವು ಬಿರುಕು ಬಿಟ್ಟಿತ್ತು. ಆಗ ಗುಂಡಿಯನ್ನು ಒತ್ತಿದ್ದರೆ ಕಾರು 20 ಪೌಂಡನ್ನೇ ಆ ಗಾಲಿಯ ಆರೋಗ್ಯವೆಂದು ಕಲಿಯುತ್ತಿತ್ತು. ಗಾಳಿ ಇನ್ನೂ ಬಹಳ ಇಳಿಯುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಹಿಮ ಬಿದ್ದ ಹೆದ್ದಾರಿಯಲ್ಲಿ, ಹಿಂದಿನ ಆಸನದಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡು, ದೀಪವಿಲ್ಲದ ಫಲಕವನ್ನು ನಂಬಿ ಹೋಗಬೇಕಾಗುತ್ತಿತ್ತು. ಮಗನು ಗುಂಡಿಯಿಂದ ಕೈ ತೆಗೆದನು, ಏನೂ ಮಾತಾಡಲಿಲ್ಲ.

ಈ ದೀಪದ ಹಿಂದೆ ಒಂದು ದುಃಖದ ಇತಿಹಾಸವುಂಟು. 2000ದ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಫೈರ್‌ಸ್ಟೋನ್ ಕಂಪನಿಯು ಬಳಕೆಯಲ್ಲಿದ್ದ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಆ ಟೈರುಗಳ ಮೇಲ್ಪದರ ಓಟದಲ್ಲಿಯೇ ಕಳಚಿಕೊಂಡು, ಹೆಚ್ಚಾಗಿ ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ವಾಹನಗಳು ಮಗುಚಿ, ಇನ್ನೂರಕ್ಕೂ ಮಿಕ್ಕಿ ಜನರು ಅಸುನೀಗಿದ್ದರು. ಗಾಳಿ ಕಡಿಮೆಯಾದ ಟೈರು ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದಷ್ಟೂ ದುರ್ಬಲವಾಗುತ್ತದೆ. ಅದೇ ವರ್ಷ ಅಮೆರಿಕವು ಕಾಯಿದೆಯೊಂದನ್ನು ಮಾಡಿತು. ಅದರ ಫಲವಾಗಿ 2007ರ ಸೆಪ್ಟೆಂಬರ್‌ನಿಂದ ಅಲ್ಲಿಯ ಎಲ್ಲ ಹೊಸ ಕಾರುಗಳಲ್ಲಿ ಒತ್ತಡಸೂಚಕವು ಕಡ್ಡಾಯವಾಯಿತು. ನಿಗದಿತ ಒತ್ತಡಕ್ಕಿಂತ ಕಾಲುಭಾಗ ಕಡಿಮೆಯಾದರೆ ದೀಪ ಹೊತ್ತಲೇಬೇಕು. ಭಾರತದಲ್ಲಿಯೂ 2020ರ ತಿದ್ದುಪಡಿಯಂತೆ, ಈ ಸೂಚಕ, ಟ್ಯೂಬ್‌ರಹಿತ ಟೈರು ಮತ್ತು ಟೈರು ದುರಸ್ತಿಯ ಸಾಮಗ್ರಿಯುಳ್ಳ ಕಾರುಗಳು ಹೆಚ್ಚುವರಿ ಗಾಲಿಯನ್ನು ಹೊರಬೇಕಾಗಿಲ್ಲ. ಹೆಚ್ಚುವರಿ ಗಾಲಿಯ ಭಾರ ಇಳಿಯಿತು; ದೀಪವನ್ನು ನಂಬುವ ಭಾರ ಏರಿತು.

ಇರಲಿ. ಮಗನ ಕಾರು ಮನೆಯ ಮುಂದೆಯೇ ನಿಲ್ಲಬೇಕಾಯಿತು. ಸೊಸೆಯ ಚಿಕ್ಕ ಕಾರಿನಲ್ಲಿ ಪ್ರಯಾಣ ಮಾಡುವುದೆಂದು ನಿರ್ಧಾರವಾಯಿತು. ಅದರ ಗಾಲಿಗಳನ್ನು ಅಂದೇ ಬದಲಾಯಿಸಿ, ಈ ಸಲ ಮಗನು ಯಾರೂ ಹೇಳದೆಯೇ ಮೊದಲು ಅಳೆದು, ಪಂಪಿನಿಂದ ನಿಗದಿತ ಗಾಳಿ ತುಂಬಿದನು. ಆದರೂ ದೀಪ ಹೊತ್ತಿತು. ಆದರೆ ಬೇರೆ ರೀತಿಯಲ್ಲಿ. ಮೊದಲು ಒಂದು ನಿಮಿಷಕ್ಕೂ ಹೆಚ್ಚು ಕಾಲ ಮಿಣುಮಿಣುಕಿ, ಅನಂತರ ಸ್ಥಿರವಾಯಿತು. ಮಿಣುಕಿ ನಿಲ್ಲುವ ದೀಪದ ಅರ್ಥ ಗಾಳಿಯ ಕೊರತೆಯಲ್ಲ. ‘ಸಂವೇದಕಗಳ ಸುದ್ದಿಯೇ ತಲುಪುತ್ತಿಲ್ಲ’ ಎಂಬುದು.

ಈ ಎರಡನೆಯ ಬಗೆಯ ಕಾರುಗಳಲ್ಲಿ ಪ್ರತಿ ಗಾಲಿಯ ಒಳಗೂ ವಾಲ್ವಿಗೆ ಅಂಟಿಕೊಂಡಂತೆ ಒಂದು ಪುಟ್ಟ ಸಂವೇದಕವಿರುತ್ತದೆ. ತನ್ನದೇ ಬ್ಯಾಟರಿಯ ಬಲದಿಂದ ಅದು ಒತ್ತಡವನ್ನು ಅಳೆದು ರೇಡಿಯೋ ಅಲೆಗಳ ಮೂಲಕ ಕಾರಿಗೆ ತಿಳಿಸುತ್ತದೆ. ಆ ಬ್ಯಾಟರಿ ಐದರಿಂದ ಹತ್ತು ವರ್ಷ ಬಾಳಬಹುದು. ಪ್ರತಿಯೊಂದು ಸಂವೇದಕಕ್ಕೂ ಬೇರೆಲ್ಲಿಯೂ ಇಲ್ಲದ ಸ್ವಂತ ಸಂಖ್ಯೆಯುಂಟು. ಕಾರು ಇನ್ನೂ ನೆಲಮಾಳಿಗೆಯಲ್ಲಿ ಮಲಗಿದ್ದ ಬೇಸಿಗೆಯ ಗಾಲಿಗಳನ್ನೇ ಹೆಸರು ಹಿಡಿದು ಕರೆಯುತ್ತಿತ್ತು. ಹೊಸದಾಗಿ ಬಂದವರ ಪರಿಚಯ ಅದಕ್ಕಿರಲಿಲ್ಲ. ಕೆಲವು ಕಾರುಗಳು ಸ್ವಲ್ಪ ಹೊತ್ತು ಓಡಿಸಿದರೆ ತಾವೇ ಪರಿಚಯ ಮಾಡಿಕೊಳ್ಳುತ್ತವೆ. ಕೆಲವಕ್ಕೆ ಯಂತ್ರ ಜೋಡಿಸಿ ಸಂಖ್ಯೆಗಳನ್ನು ಬರೆಯಿಸಬೇಕಾಗುತ್ತದೆ. ಸೊಸೆಯ ಕಾರಿಗೆ ಅಂಗೈಯಗಲದ ಉಪಕರಣವೊಂದು ಸಾಕಿತ್ತು. ಅದನ್ನು ವಾಲ್ವಿನ ಬಳಿ ಹಿಡಿದರೆ ನಿದ್ರಿಸುವ ಸಂವೇದಕ ಎಚ್ಚೆತ್ತು ತನ್ನ ಸಂಖ್ಯೆಯನ್ನು ಹೇಳುತ್ತದೆ.

ಕಾರನ್ನು ಕಲಿಯುವ ಸ್ಥಿತಿಗೆ ತಂದಾಗ ಹಾರ್ನು ಎರಡು ಬಾರಿ ಕೂಗಿತು. ಕೆಲವೇ ನಿಮಿಷಗಳ ಗಡುವಿನಲ್ಲಿ ಕೆಲಸ ಮುಗಿಯಬೇಕು. ಎಡಗಡೆಯ ಮುಂದಿನ ಗಾಲಿ, ಬಲಗಡೆಯ ಮುಂದಿನದು, ಬಲಗಡೆಯ ಹಿಂದಿನದು, ಕೊನೆಗೆ ಎಡಗಡೆಯ ಹಿಂದಿನದು. ನೋಡಿದರೆ ಸರಿಯಾಗಿ ಒಂದು ಪ್ರದಕ್ಷಿಣೆ! ಹತ್ತು ವರ್ಷದ ಮೊಮ್ಮಗನು ಉಪಕರಣ ಹಿಡಿದು ಹೊರಟನು. ಪ್ರತಿ ಗಾಲಿಯ ಬಳಿಯೂ ಹಾರ್ನು ಒಮ್ಮೆ ಕೂಗಿತು.

“ಅಜ್ಜಾ, ಹಾಜರಿ ಹೇಳಲಿಕ್ಕತ್ತಾವ!” ಎಂದು ಹುಡುಗನು ಕುಣಿದನು.

“ಹೌದಪಾ. ಆದ್ರ ಸಾಲು ತಪ್ಪಬ್ಯಾಡ. ಒಬ್ಬನ ಹಾಜರಿ ಇನ್ನೊಬ್ಬನ ಹೆಸರಿನ ಮುಂದ ಬಿದ್ದರ, ಎಡಗಡೆ ಗಾಲಿಗೆ ಜಡ್ಡಾದಾಗ ನಿಮ್ಮವ್ವ ಬಲಗಡೆ ಗಾಲಿಗೆ ಔಷಧ ಹಾಕತಾಳ.”

“ಮಾವಾರ, ಚಹಾ ಆರಲಿಕ್ಕತ್ತದ, ಒಳಗ ಬರ್ರಿ” ಎಂದು ಸೊಸೆ ಬಾಗಿಲಲ್ಲಿ ನಿಂತು ಕರೆದಳು. ಕೊನೆಯ ಗಾಲಿಯೂ ಉತ್ತರ ಕೊಟ್ಟು, ಹಾರ್ನು ಎರಡು ಬಾರಿ ಕೂಗಿ, ದೀಪ ತಾನಾಗಿ ಆರಿತು. ಅದನ್ನು ಯಾರೂ ಆರಿಸಿರಲಿಲ್ಲ.

ಅಂದು ರಾತ್ರಿ ಊಟವಾದ ಮೇಲೆ ಮಗನು, “ಅಷ್ಟು ಹಟ ಯಾಕ ಹಿಡದ್ರಿ ಅಪ್ಪಾ?” ಎಂದು ಕೇಳಿದನು. ಮಾಸ್ತರರು ಬಹಳ ಹೊತ್ತು ಸುಮ್ಮನಿದ್ದು, ಹಿಂದೆಂದೂ ಮನೆಯಲ್ಲಿ ಹೇಳದಿದ್ದ ಸಂಗತಿಯೊಂದನ್ನು ಹೇಳಿದರು.

ಅವರು ಕೆಲಸಕ್ಕೆ ಸೇರಿದ ಮೊದಮೊದಲ ವರ್ಷಗಳು. ಒಂಬತ್ತನೆಯ ತರಗತಿಯ ಒಬ್ಬ ಹುಡುಗನು ದಿನವೂ ತಡವಾಗಿ ಬರುತ್ತಿದ್ದನು. ಮಾಸ್ತರರು ಶಿಸ್ತಿಗೆ ಹೆಸರಾದವರು. ಒಂದು ವಾರ ಹೊರಗೆ ನಿಲ್ಲಿಸಿದರು, ಎರಡನೆಯ ವಾರ ಛಡಿ ಎತ್ತಿದರು. ಮೂರನೆಯ ವಾರದಿಂದ ತಡವಾಗಿ ಬರುವವರೇ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ಕೆಂಪು ಗುರುತು ನಿಂತದ್ದನ್ನು ಕಂಡು ಮುಖ್ಯೋಪಾಧ್ಯಾಯರೂ ಶ್ಲಾಘಿಸಿದರು. ತಿಂಗಳು ಕಳೆದ ಮೇಲೆ ಸಂತೆಯಲ್ಲಿ ಆ ಹುಡುಗನು ಹಮಾಲಿ ಮಾಡುವುದನ್ನು ಮಾಸ್ತರರು ಕಂಡರು. ತಂದೆ ಹಾಸಿಗೆ ಹಿಡಿದಿದ್ದನು. ಹುಡುಗನು ನಸುಕಿನಲ್ಲಿ ಮೂಟೆ ಹೊತ್ತು, ನಾಲ್ಕು ಕಾಸು ಮನೆಗೆ ಕೊಟ್ಟು, ಅನಂತರ ಶಾಲೆಗೆ ಓಡಿ ಬರುತ್ತಿದ್ದನು. ಛಡಿ ಏಟು ಬಿದ್ದ ಮೇಲೆ ಬರುವುದನ್ನೇ ಬಿಟ್ಟನು. ಮಾಸ್ತರರು ಅವನ ಮನೆಗೆ ಹೋದರು, ಫೀಸು ತಾವು ಕಟ್ಟುವುದಾಗಿ ಹೇಳಿದರು. ಹುಡುಗನು ತಲೆ ಬಗ್ಗಿಸಿ ನಿಂತನೇ ಹೊರತು ಆ ವರ್ಷವೂ ಮರಳಲಿಲ್ಲ, ಮುಂದೆಯೂ ಮರಳಲಿಲ್ಲ.

“ಅವ ತಡಾ ಮಾಡಿ ಬರೂದು ದೀಪ ಇತ್ತು. ನಾ ದೀಪ ಆರಿಸಿದೆ, ಗಾಳಿ ನೋಡಲಿಲ್ಲ” ಎಂದರು ಮಾಸ್ತರರು. ಅದಾದ ಮೇಲೆ ಮೂವತ್ತು ವರ್ಷಗಳ ಸೇವೆಯಲ್ಲಿ, ತಡವಾಗಿ ಬಂದ ಯಾವ ವಿದ್ಯಾರ್ಥಿಯನ್ನೂ ಅವರು ‘ಯಾಕೆ’ ಎಂದು ಕೇಳದೆ ಶಿಕ್ಷಿಸಿದ್ದಿಲ್ಲ. ಆ ಒಂದು ಪ್ರಶ್ನೆಯಿಂದ ಎಷ್ಟೋ ಮಕ್ಕಳ ಮನೆಯ ಕಷ್ಟ ತಿಳಿಯಿತು. ತಿಳಿದಾಗ ಊರಿನ ಉದಾರಿಗಳು ಕೈ ನೀಡಿದರು.

ಮರುದಿನ ಐದು ಜನರೂ ಚಿಕ್ಕ ಕಾರಿನಲ್ಲಿ ಒತ್ತೊತ್ತಾಗಿ ಕುಳಿತು ಹೋಗಿ, ತೊಟ್ಟಿಲ ಕಾರ್ಯಕ್ರಮ ಮುಗಿಸಿ ಸುಖವಾಗಿ ಮರಳಿದರು. ಮುಂದಿನ ವಾರ ಮಗನ ಕಾರಿಗೆ ಹೊಸ ವಾಲ್ವು ಬಂದಿತು. ನಾಲ್ಕೂ ಟೈರುಗಳಿಗೆ 33 ಪೌಂಡ್ ತುಂಬಿ, ಒಂದೊಂದನ್ನೂ ಎರಡೆರಡು ಸಲ ಅಳೆದಾದ ಮೇಲೆ, ಮಗನು ತಂದೆಯನ್ನು ಚಾಲಕನ ಆಸನದಲ್ಲಿ ಕೂರಿಸಿ, “ಈಗ ಒತ್ತರಿ ಅಪ್ಪಾ” ಎಂದನು. ಮಾಸ್ತರರು ಗುಂಡಿಯನ್ನು ಒತ್ತಿ ಹಿಡಿದರು. ಅಂದು ಯಂತ್ರಕ್ಕೆ ಕಲಿಸಿದ ಪಾಠ ಸತ್ಯವಾಗಿತ್ತು.

ಆದರೂ ಆ ಬಗೆಯ ಯಂತ್ರಕ್ಕೆ ಒಂದು ಮಿತಿಯುಂಟೆಂಬುದನ್ನು ಮಾಸ್ತರರು ಮಗನಿಗೆ ನೆನಪಿಸಿದರು. ಗಾಲಿ ಗಾಲಿಗಳನ್ನು ಹೋಲಿಸಿ ನೋಡುವ ಕಾರಿಗೆ, ನಾಲ್ಕರಲ್ಲಿಯೂ ಸಮನಾಗಿ, ಮೆಲ್ಲಮೆಲ್ಲನೆ ಗಾಳಿ ಇಳಿದರೆ ತಿಳಿಯದೆ ಹೋಗಬಹುದು. ಇಡೀ ತರಗತಿಯೇ ಹಿಂದುಳಿದಾಗ ಯಾರೂ ಹಿಂದುಳಿದವರಾಗಿ ಕಾಣುವುದಿಲ್ಲವಷ್ಟೆ! ಆದಕಾರಣ ದೀಪ ಹೊತ್ತಲಿ, ಹೊತ್ತದಿರಲಿ, ತಿಂಗಳಿಗೊಮ್ಮೆ ಮಾಪಕವನ್ನು ಕೈಗೆತ್ತಿಕೊಂಡು ಅಂಗಳಕ್ಕಿಳಿಯುವುದು ಆ ಮನೆಯ ಪದ್ಧತಿಯಾಯಿತು. ಅಳತೆಯನ್ನು ಬರೆದಿಡುವ ಸಣ್ಣ ಪುಸ್ತಕವೊಂದು ಕಾರಿನಲ್ಲಿದೆ. ಅದರ ಮೊದಲ ಪುಟದ ಗೆರೆಗಳನ್ನು ಎಳೆದವರು ಮಾಸ್ತರರು. ಈಗ ಅದರಲ್ಲಿ ಅಂಕಿಗಳನ್ನು ತುಂಬುತ್ತಿರುವವನು ಮೊಮ್ಮಗ.