ಕಂಠೀರವ: ಕೆರೆಯಂಗಳದ ಮೇಲೊಂದು ತವರು ಮೈದಾನ

ಕಬ್ಬನ್ ಪಾರ್ಕ್ ಮೆಟ್ರೊ ಸ್ಟೇಷನ್‌ನಲ್ಲಿ ಇಳಿದು ಕಸ್ತೂರಬಾ ರಸ್ತೆ ಹಿಡಿದರೆ ಸುಮಾರು ಇಪ್ಪತ್ತು ನಿಮಿಷದ ನಡಿಗೆ, ಕಂಠೀರವ ಕ್ರೀಡಾಂಗಣ ಬಂತು. ಬೆಂಗಳೂರು ಎಫ್‌ಸಿ ಪಂದ್ಯ ಇದ್ದ ಸಂಜೆ ಯಾರನ್ನೂ ದಾರಿ ಕೇಳಬೇಕಾಗಿಲ್ಲ. ನೀಲಿ ಜೆರ್ಸಿಯವರ ಹಿಂದೆ ಹೋದರಾಯ್ತು. ಆದರೆ ಗೇಟಿನ ಮುಂದೆ ಕ್ಯೂನಲ್ಲಿ ನಿಂತಾಗ ಕಾಲ ಕೆಳಗಿನ ನೆಲದ ಬಗ್ಗೆ ಎಷ್ಟು ಜನ ಯೋಚಿಸ್ತಾರೋ ಗೊತ್ತಿಲ್ಲ. ಇಲ್ಲೊಂದು ಕೆರೆ ಇತ್ತು. ಸಂಪಂಗಿ ಕೆರೆ. ಪಕ್ಕದ ಬಡಾವಣೆಗೆ ಸಂಪಂಗಿರಾಮನಗರ ಅನ್ನೋ ಹೆಸರು ಬಂದದ್ದು ಅದರಿಂದಲೇ.

ಕೆಂಪೇಗೌಡರ ಕಾಲದ ಕೆರೆ ಅಂತ ಹೇಳ್ತಾರೆ. ಒಂದು ಕಡೆ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ದಂಡು, ನಡುವೆ ಈ ನೀರು. ಸುತ್ತಲೂ ತಿಗಳ ಸಮುದಾಯದವರ ಹೂವಿನ, ತರಕಾರಿಯ ತೋಟಗಳು. ತೋಟದವರಿಗೆ ಕೆರೆ ತುಂಬಿರಬೇಕಿತ್ತು. ದಂಡಿನ ದೊರೆಗಳಿಗೆ ಅದು ಒಣಗಿದ್ದರೇ ಅನುಕೂಲ, ಕುದುರೆ ಏರಿ ಪೋಲೊ ಆಡಬಹುದಲ್ಲ! ಈ ಹಗ್ಗಜಗ್ಗಾಟ ನಡೀತಿರುವಾಗಲೇ 1890ರ ದಶಕದಲ್ಲಿ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಊರಿಗೆ ಬಂತು. ನಲ್ಲಿ ಬಂದ ಮೇಲೆ ಕೆರೆಯ ಹಂಗು ಯಾರಿಗೆ? 20ನೇ ಶತಮಾನದ ಮೊದಲ ದಶಕಗಳಲ್ಲಿ ಅದು ಸ್ವಲ್ಪ ಸ್ವಲ್ಪವೇ ಮೈದಾನವಾಯ್ತು. ಅಂದರೆ ಈ ಜಾಗದಲ್ಲಿ ಆಟ ಗೆದ್ದದ್ದು, ಸ್ಟೇಡಿಯಂ ಕಟ್ಟುವುದಕ್ಕೂ ಬಹಳ ಮೊದಲೇ.

ಈಗ ನಾವು ನೋಡುವ ಕ್ರೀಡಾಂಗಣ ಸಿದ್ಧವಾದದ್ದು 1997ರ ರಾಷ್ಟ್ರೀಯ ಕ್ರೀಡಾಕೂಟದ ಹೊತ್ತಿಗೆ. ಹೆಸರು ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರದ್ದು. ಕುಸ್ತಿಗೆ, ಮೈಬಲಕ್ಕೆ ಹೆಸರಾದ ದೊರೆ ಅವರು, ಹಾಗಾಗಿ ಹೆಸರು ಚೆನ್ನಾಗಿಯೇ ಒಪ್ಪುತ್ತೆ. ಆದರೆ ಗಮನಿಸಿ, ಇದನ್ನು ಕಟ್ಟಿದ್ದು ಅಥ್ಲೆಟಿಕ್ಸ್‌ಗೆ. ಫುಟ್‌ಬಾಲ್ ಆಮೇಲೆ ಬಂದ ಬಾಡಿಗೆದಾರ.

ಕ್ಲಬ್ ಹುಟ್ಟಿದ್ದು 2013ರಲ್ಲಿ. ಮೊದಲ ಸೀಸನ್ ಆಡಿದ್ದು ಇಲ್ಲಲ್ಲ, ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಆ್ಯಶ್ಲಿ ವೆಸ್ಟ್‌ವುಡ್ ಕೋಚ್, ಸುನಿಲ್ ಛೆಟ್ರಿ ಕ್ಯಾಪ್ಟನ್. ಕಣ್ಣು ಬಿಟ್ಟ ಮೊದಲ ವರ್ಷವೇ ಐ-ಲೀಗ್ ಗೆದ್ದುಬಿಟ್ಟರು. ಅದಾದ ಮೇಲೆ ದೊಡ್ಡ ಮೈದಾನ ಬೇಕಾಗಿ ಕಂಠೀರವಕ್ಕೆ ಬಂದರು.

ತವರು ಅನ್ನೋ ಮಾತು ಈ ನೆಲಕ್ಕೆ ಯಾವತ್ತು ಅಂಟಿಕೊಂಡಿತು ಅಂತ ಕೇಳಿದರೆ ನಾನು 2016ರ ಅಕ್ಟೋಬರ್ 19 ಅಂತೀನಿ. ಎಎಫ್‌ಸಿ ಕಪ್ ಸೆಮಿಫೈನಲ್, ಎದುರಾಳಿ ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೋಹೊರ್ ದಾರುಲ್ ತಾಝಿಂ. ಅಲ್ಲಿ 1-1 ಮಾಡ್ಕೊಂಡು ಬಂದಿದ್ರು. ಇಲ್ಲಿ ಮೊದಲ ಗೋಲು ಅವರದ್ದೇ. ಛೆಟ್ರಿ ಎರಡು ಹೊಡೆದರು, ಹ್ವಾನಾನ್ ಇನ್ನೊಂದು, 3-1. ಎಎಫ್‌ಸಿ ಕಪ್ ಫೈನಲ್‌ಗೆ ಹೋದ ಮೊದಲ ಭಾರತೀಯ ಕ್ಲಬ್ ಆಯ್ತು ನಮ್ಮದು. ದೋಹಾದ ಫೈನಲ್‌ನಲ್ಲಿ ಇರಾಕ್‌ನ ಏರ್ ಫೋರ್ಸ್ ಕ್ಲಬ್ ಎದುರು 0-1ರಿಂದ ಸೋತರು, ಇರಲಿ ಬಿಡಿ.

ಜಗಳವೂ ಇಲ್ಲೇ ನಡೆದಿದೆ. 2023ರ ಮಾರ್ಚ್ 3ರಂದು ಎಕ್ಸ್‌ಟ್ರಾ ಟೈಮ್‌ನಲ್ಲಿ, ಎದುರಾಳಿಗಳು ಇನ್ನೂ ಗೋಡೆ ಕಟ್ಟುತ್ತಿರುವಾಗಲೇ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಮಾಡಿದರು. ಕೇರಳ ಬ್ಲಾಸ್ಟರ್ಸ್ ತಂಡ ಸಿಟ್ಟಾಗಿ ಮೈದಾನ ಬಿಟ್ಟೇ ನಡೆಯಿತು. ನಿಮ್ಮ ಆಫೀಸಿನ ಮಲಯಾಳಿ ಗೆಳೆಯರ ಹತ್ತಿರ ಈ ವಿಷಯ ಎತ್ತುವ ಮುಂಚೆ ಊಟ ಮುಗಿಸಿಕೊಳ್ಳಿ. ಅದೇ ವರ್ಷ ಜುಲೈ 4ಕ್ಕೆ ಸ್ಯಾಫ್ ಫೈನಲ್. ಕುವೈತ್ ಎದುರು ಪೆನಾಲ್ಟಿ ಶೂಟೌಟ್‌ನ ಕೊನೇ ಹೊಡೆತವನ್ನು ಗುರುಪ್ರೀತ್ ಸಿಂಗ್ ಸಂಧು ತಡೆದಾಗ ಇಡೀ ಸ್ಟೇಡಿಯಂ ಒಂದೇ ತಂಡದ್ದಾಗಿತ್ತು.

ನೋಡೋಕೆ ಇದು ಅಂಥಾ ಒಳ್ಳೇ ಫುಟ್‌ಬಾಲ್ ಮೈದಾನವಲ್ಲ. ಹುಲ್ಲಿಗೂ ನಮಗೂ ನಡುವೆ ಎಂಟು ಲೇನ್ ಟ್ರ್ಯಾಕ್ ಇದೆ. ಗೋಲಿನ ಹಿಂದೆ ಕೂತರೆ ಟ್ರ್ಯಾಕ್ ತಿರುಗುವ ಜಾಗ ಸೇರಿ ದೂರ ಇನ್ನೂ ಜಾಸ್ತಿ. ಆಚೆ ತುದಿಯ ಗೋಲು ಅಂದಾಜಿನಲ್ಲೇ ಸಂಭ್ರಮಿಸಬೇಕು. ಈ ದೂರವನ್ನು ಗಂಟಲಿನಿಂದ ತುಂಬಿದವರು ‘ವೆಸ್ಟ್ ಬ್ಲಾಕ್ ಬ್ಲೂಸ್’ ಹುಡುಗ ಹುಡುಗಿಯರು. ಡ್ರಮ್ಮು, ಹಾಡು, ತೊಂಬತ್ತು ನಿಮಿಷವೂ ನಿಂತೇ ಇರೋದು. ಮೊದಲ ಸಲ ಹೋಗೋರು ಅಲ್ಲಿಗೇ ಟಿಕೆಟ್ ತಗೊಳ್ಳಿ. ಕೂತು ನೋಡೋ ಆಸೆ ಮಾತ್ರ ಬಿಡಿ.

ನಮಗೆ ಅಡ್ಡಿ ಅನ್ನಿಸುವ ಆ ಟ್ರ್ಯಾಕ್ ಇನ್ನೊಬ್ಬರ ಬದುಕು. ಜಾವೆಲಿನ್, ಹ್ಯಾಮರ್ ಎಸೆಯುವವರಿಗೆ ನಡುವಿನ ಹುಲ್ಲೇ ಬೇಕು. ಫುಟ್‌ಬಾಲಿಗೆ ಆ ಹುಲ್ಲಿನಲ್ಲಿ ಒಂದು ಗುಂಡಿಯೂ ಬೀಳಬಾರದು. ಪಂದ್ಯ ಇದ್ದ ದಿನ ಸಂಜೆ ಓಡುವವರಿಗೂ ಜಾಗವಿಲ್ಲ. ಈ ತಕರಾರು ಹೈಕೋರ್ಟ್ ಮೆಟ್ಟಿಲನ್ನೂ ಏರಿತು. ನಾನು ನೀಲಿ ಜೆರ್ಸಿ ಪಾರ್ಟಿಯೇ, ಆದರೂ ಈ ವಿಷಯದಲ್ಲಿ ಅಥ್ಲೀಟ್‌ಗಳ ಮಾತು ಸರಿ ಅನ್ನಿಸುತ್ತೆ. ಬೆಳಗ್ಗೆ ಬಸ್ಸಿಳಿದು ಸ್ಪೈಕ್ಸ್ ಕಟ್ಟಿಕೊಂಡು ಪ್ರಾಕ್ಟೀಸ್ ಮಾಡುವ ಹುಡುಗಿಗೆ ಊರಿನ ನಡುವೆ ಇಂಥ ಇನ್ನೊಂದು ಜಾಗ ಎಲ್ಲಿದೆ? ಇಷ್ಟು ದೊಡ್ಡ ಊರಿನ ದೊಡ್ಡ ಕ್ಲಬ್‌ಗೆ ತನ್ನದೇ ಮೈದಾನ ಇಲ್ಲದಿರೋದಕ್ಕೆ ಅವಳು ಯಾಕೆ ಬೆಲೆ ತೆರಬೇಕು?

ಹಾಗಂತ ಇದು ಬರೀ ಆಟದವರ ಜಾಗವೂ ಆಗಿ ಉಳಿದಿಲ್ಲ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್, ಇಬ್ಬರ ಅಂತಿಮ ದರ್ಶನಕ್ಕೂ ಜನ ಬಂದದ್ದು ಇಲ್ಲಿಗೇ. 2023ರ ಮೇ 20ಕ್ಕೆ ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತಗೊಂಡದ್ದೂ ಇಲ್ಲೇ.

ಮತ್ತೆ ಕೆರೆ? ಪೂರ್ತಿ ಹೋಗಿಲ್ಲ. ಕ್ರೀಡಾಂಗಣದ ಮಗ್ಗುಲಲ್ಲಿ ಒಂದು ಪುಟ್ಟ ಚೌಕದ ಕೊಳ ಉಳಿಸಿದ್ದಾರೆ. ಅದನ್ನೂ ಮುಚ್ಚದೆ ಬಿಟ್ಟದ್ದಕ್ಕೆ ಕಾರಣ ಕರಗ. ಪ್ರತಿ ಚೈತ್ರದಲ್ಲಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ವೀರಕುಮಾರರು ಕತ್ತಿ ಹಿಡಿದು ಪೂಜೆಗೆ ಈ ನೀರಿಗೇ ಬರ್ತಾರೆ. ಹಿಂದೆ ಇದೇ ಕೆರೆ ನೀರಿಗಾಗಿ ಹೋರಾಡಿದ ತೋಟದವರ ಸಮುದಾಯವೇ ಅದು. ಮುಂದಿನ ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಹೋಗಿ, ಸ್ಟೇಡಿಯಂಗೆ ಒಂದು ಸುತ್ತು ಹಾಕಿ, ಆ ಕೊಳ ಹುಡುಕಿ ನೋಡಿ.