ಕಲ್ಮನೆಯ ದಾರಿಯಲ್ಲಿ

ತಮ್ಮಲ್ಲಿ ಅನೇಕರು ಪ್ರಸಾದನಿಲಯದಲ್ಲಿ ಉಂಡು ಬೆಳೆದವರು. ಗದಗ-ಬೆಟಗೇರಿಯಿಂದಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದಾಗಲಿ ಒಮ್ಮೆಯಾದರೂ ಬಾದಾಮಿಗೆ ಹೋಗಿ ಬಂದವರು. ಬನಶಂಕರಿಯ ಜಾತ್ರೆಗೆಂದೋ, ಶಿವಯೋಗಮಂದಿರದ ಗದ್ದುಗೆಯ ದರ್ಶನಕ್ಕೆಂದೋ ಹೊರಟವರು ಹಾದಿಯಲ್ಲಿ ಬಾದಾಮಿಯ ಗುಹೆಗಳನ್ನು ಹತ್ತಿ ಇಳಿದಿರುತ್ತೀರಿ. ಆದುದರಿಂದ ತಾವು ಬಲ್ಲ ಊರನ್ನು ತಮಗೆ ವರ್ಣಿಸಿ ಹೇಳುವ ಉದ್ದೇಶ ನನಗಿಲ್ಲ. ಕಳೆದ ಕಾರ್ತಿಕ ಮಾಸದಲ್ಲಿ ಒಂದು ಭಾನುವಾರ ಹದಿನೈದು ವರ್ಷದ ಮೊಮ್ಮಗನೊಡನೆ ಆ ಬೆಟ್ಟಗಳಲ್ಲಿ ದಿನವೆಲ್ಲ ನಡೆದೆನು. ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಯಾರೆದುರಿಗೂ ಆಡದೆ ಉಳಿಸಿಕೊಂಡ ಮಾತೊಂದು ಆ ನಡಿಗೆಗೆ ಕಾರಣ. ಅದನ್ನು ಇಂದು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಅದು 1972ನೆಯ ಇಸವಿ. ನಮ್ಮ ನಾಡಿಗೆ ಆಗ ಮೈಸೂರು ರಾಜ್ಯವೆಂದೇ ಹೆಸರು. ಗದಗು ಧಾರವಾಡ ಜಿಲ್ಲೆಯಲ್ಲಿಯೂ ಬಾದಾಮಿ ವಿಜಾಪುರ ಜಿಲ್ಲೆಯಲ್ಲಿಯೂ ಇದ್ದವು. ಆ ವರ್ಷದ ಬರಗಾಲವನ್ನು ಕಂಡವರು ಮರೆಯಲಾರರು. ನಾನು ಗದಗಿನ ಪ್ರಸಾದನಿಲಯವೊಂದರಲ್ಲಿದ್ದುಕೊಂಡು ಒಂಬತ್ತನೆಯ ಇಯತ್ತೆ ಓದುತ್ತಿದ್ದೆ. ಮುಂಡರಗಿಯ ಕಡೆಯ ಹಳ್ಳಿಯೊಂದರಿಂದ ಬಂದ ಹುಡುಗನೊಬ್ಬ ನನ್ನ ಜೊತೆಗಾರ. ಇಬ್ಬರ ಬಟ್ಟೆಗಳೂ ಒಂದೇ ಟ್ರಂಕಿನಲ್ಲಿ, ಇಬ್ಬರ ಹಾಸಿಗೆಗಳೂ ಒಂದೇ ಕಿಟಕಿಯ ಕೆಳಗೆ. ಓದಿನಲ್ಲಿ ಆತ ನನಗಿಂತ ಮುಂದಿದ್ದನೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು.

ಆ ಚಳಿಗಾಲದಲ್ಲಿ ನಮ್ಮ ಮಾಸ್ತರರು ಹುಡುಗರನ್ನೆಲ್ಲ ಮೀಟರ್ ಗೇಜ್ ಗಾಡಿಯಲ್ಲಿ ಬಾದಾಮಿಗೆ ಕರೆದೊಯ್ದರು. ಸ್ಟೇಶನ್ನಿನಿಂದ ಊರಿಗೆ ಮೂರು ಮೈಲಿಗಳ ನಡಿಗೆ. ಗುಹೆಗಳನ್ನು ನೋಡಿಯಾದ ಮೇಲೆ ಭೂತನಾಥನ ಗುಡಿಯ ನೆರಳಿನಲ್ಲಿ ಎಲ್ಲರೂ ಬುತ್ತಿ ಬಿಚ್ಚಿದರು. ನಾವಿಬ್ಬರು ಮಾತ್ರ ಎರಡು ರೊಟ್ಟಿ ಕೈಯಲ್ಲಿ ಹಿಡಿದು ಗುಡಿಯ ಹಿಂದಿನ ಬಂಡೆಗಳನ್ನು ಏರಿದೆವು. ಬೆಳಿಗ್ಗೆ ಮಾಸ್ತರರು ಮಂಗಳೇಶನ ಶಾಸನವನ್ನು ತೋರಿಸಿ, ರಾಜರ ಹೆಸರು ಕಲ್ಲಿನಲ್ಲಿ ಉಳಿದ ಬಗೆಯನ್ನು ಬಣ್ಣಿಸಿದ್ದರು. ನಮ್ಮ ಹೆಸರೂ ಉಳಿಯಲೆಂಬ ಹುಡುಗಬುದ್ಧಿ. ಗೆಳೆಯನ ಕಿಸೆಯಲ್ಲಿ ಗಾಡಿಯ ಗಾಲಿಯದೊಂದು ದಪ್ಪ ಮೊಳೆ ಇತ್ತು. ಎರಡು ಬಂಡೆಗಳ ನಡುವಿನ ಸಂದಿನಲ್ಲಿ ಅವನ ಹೆಸರು ಮೇಲೆ, ನನ್ನದು ಕೆಳಗೆ ಕೆತ್ತಿದೆವು.

ಹಿಂದಿರುಗುವಾಗ ಗಾಡಿಯಲ್ಲಿ ಅವನ ಹೆಬ್ಬೆರಳಿನಿಂದ ರಕ್ತ ಸೋರುತ್ತಿದ್ದುದನ್ನು ಮಾಸ್ತರರು ಕಂಡರು. ಕಿಸೆಯೊಳಗಿನ ಮೊಳೆಗೆ ಕೆಂಪು ಕಲ್ಲಿನ ಹುಡಿ ಅಂಟಿತ್ತು. ಅವರು ಗದರಿ ಕೇಳಿದರು. ನಾನು ಅವನ ಮಗ್ಗುಲಲ್ಲಿಯೇ ಕುಳಿತಿದ್ದೆ.

"ನಾ ಒಬ್ಬನ ಕೆತ್ತೇನ್ರಿ" ಎಂದನು.

ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆನು.

ನಿಲಯದಿಂದ ಅವನ ತಂದೆಗೆ ಕಾಗದ ಹೋಯಿತು. ಎಂಟು ದಿನಗಳಲ್ಲಿ ತಂದೆ ಬಂದರು. ಬರಗಾಲದ ಮನೆ, ಎತ್ತುಗಳನ್ನು ಮಾರಿದ್ದರು, ಕೂಲಿಗೆ ಹೋಗುವ ಕೈಗಳು ಬೇಕಾಗಿದ್ದವು. ಮಗನನ್ನು ಕರೆದುಕೊಂಡು ಹೋಗಲು ಒಂದು ನೆವ ದೊರೆತಂತಾಯಿತು. ಟ್ರಂಕಿನಿಂದ ತನ್ನ ಎರಡು ಅಂಗಿಗಳನ್ನು ತೆಗೆದುಕೊಂಡು ಹೋದ ಹುಡುಗ ಮತ್ತೆ ಶಾಲೆಯ ಮುಖ ನೋಡಲಿಲ್ಲ. ಆ ಕಾಗದವಿಲ್ಲದಿದ್ದರೂ ಬರಗಾಲವೇ ಅವನನ್ನು ಕರೆದೊಯ್ಯುತ್ತಿತ್ತೆಂದು ಬಹು ವರ್ಷ ನನ್ನನ್ನು ನಾನು ಸಂತೈಸಿಕೊಂಡೆನು. ಇದ್ದರೂ ಇರಬಹುದು. ನಾನು ಮುಂದೆ ಓದಿ ಇತಿಹಾಸದ ಮಾಸ್ತರನೇ ಆದೆ. ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಬಾದಾಮಿಯ ಚಾಲುಕ್ಯರ ಪಾಠ ಹೇಳಿದೆ. ಜಾತ್ರೆಗಳಲ್ಲಿ ಅವನು ಆಗಾಗ ಭೆಟ್ಟಿಯಾಗುತ್ತಿದ್ದನು. ಮಳೆ, ಬೆಳೆ, ಮಕ್ಕಳ ಮಾತು ನಡೆಯುತ್ತಿತ್ತು. ಆ ಮೊಳೆಯ ಮಾತನ್ನು ಅವನು ಎತ್ತಲಿಲ್ಲ. ಎತ್ತುವ ಧೈರ್ಯ ನನಗಿರಲಿಲ್ಲ. ಕಳೆದ ವರ್ಷದ ಹಿಂದಿನ ವರ್ಷ ಅವನು ಲಿಂಗೈಕ್ಯನಾದನೆಂಬ ಸುದ್ದಿ ಮೂರು ದಿನ ತಡವಾಗಿ ನನಗೆ ಮುಟ್ಟಿತು.

ಆ ಬಂಡೆಯನ್ನೊಮ್ಮೆ ನೋಡಬೇಕೆಂಬ ಹಂಬಲ ಅಂದಿನಿಂದ ಬಿಡಲಿಲ್ಲ.

ಮುಂಜಾನೆಯ ಗಾಡಿಯಲ್ಲಿ ಮೊಮ್ಮಗನು ತನ್ನ ಮೊಬೈಲಿನಲ್ಲಿ ಜೋರ್ಡಾನ್ ದೇಶದ ಪೆಟ್ರಾ ಎಂಬ ಹಾಳು ನಗರದ ಚಿತ್ರಗಳನ್ನು ತೋರಿಸಿದನು. ಮರುಭೂಮಿಯ ನಡುವೆ ಗುಲಾಬಿ ಬಣ್ಣದ ಮರಳುಗಲ್ಲಿನ ಬೆಟ್ಟಗಳನ್ನೇ ಕೊರೆದು ಮಾಡಿದ ಭವ್ಯ ಮುಖಮಂಟಪಗಳು. ನಬಾಟಿಯನ್ನರೆಂಬ ವ್ಯಾಪಾರಿ ಜನರು ಎರಡು ಸಾವಿರ ವರ್ಷಗಳ ಹಿಂದೆ ಕಡಿದವು. 1812ರಲ್ಲಿ ಬುರ್ಕ್‌ಹಾರ್ಟ್ ಎಂಬ ಪ್ರವಾಸಿಯಿಂದ ಯುರೋಪಿನವರಿಗೆ ತಿಳಿದುಬಂದವು. "ನಮ್ಮಲ್ಲಿ ಮರಳುಗಾಡು ಇಲ್ಲಲ್ಲ, ಅಜ್ಜಾ" ಎಂದು ಹುಡುಗನು ಕೊರಗಿದನು. 1972ರಲ್ಲಿ ನೀನು ಇಲ್ಲಿರಬೇಕಾಗಿತ್ತು ಎಂದೆನು. ಪೆಟ್ರಾದವರು ಬಂಡೆಯ ಬದಿಯಲ್ಲಿ ಕಾಲುವೆ ಕೊರೆದು ಮಳೆಯ ನೀರನ್ನು ನಗರಕ್ಕೆ ತಂದುಕೊಂಡಂತೆ, ನಮ್ಮವರು ಎರಡು ಬೆಟ್ಟಗಳ ನಡುವಣ ನೀರನ್ನು ತಡೆದು ಅಗಸ್ತ್ಯತೀರ್ಥವನ್ನು ಮಾಡಿಕೊಂಡರು. ನೀರನ್ನು ಹಿಡಿಯಬಲ್ಲವರಿಗಷ್ಟೇ ಕಲ್ಲನ್ನು ಕಡಿಯುವ ಬಿಡುವು ದೊರೆಯುತ್ತದೆ. ಹೊಳೆಆಲೂರನ್ನು ದಾಟಿ ಮಲಪ್ರಭೆಯ ಸೇತುವೆಯನ್ನು ಹಾಯ್ದ ಮೇಲೆ ನಮ್ಮ ಕಡೆಯ ಎರೆಯ ಹೊಲಗಳು ಹಿಂದೆ ಸರಿದು, ಕೆಂಪು ಬೆಟ್ಟಗಳು ತಲೆಯೆತ್ತಿದವು.

ಗುಹೆಗಳಲ್ಲಿ ಮಂಗಗಳ ಉಪಟಳ ಅಂದಿನಂತೆಯೇ ಇದೆ. ಮೊಮ್ಮಗನ ಬಾಳೆಹಣ್ಣು ಮೊದಲನೆಯ ಗುಹೆಯ ಮೆಟ್ಟಿಲಲ್ಲಿಯೇ ಹೋಯಿತು. ಹದಿನೆಂಟು ಕೈಗಳ ನಟರಾಜನನ್ನು ನೋಡಿ, ಎರಡನೆಯದನ್ನು ಬೇಗನೆ ದಾಟಿ, ಮೂರನೆಯ ಗುಹೆಯಲ್ಲಿ ಬಹಳ ಹೊತ್ತು ಕುಳಿತೆವು. ಇಂಥ ಗುಹೆಯನ್ನು ಮೇಲಿನಿಂದ ಕೆಳಗೆ, ಮುಂದಿನಿಂದ ಒಳಗೆ ಕಡಿಯುತ್ತಾರೆ. ಕಟ್ಟಡವಾದರೆ ಕೆಟ್ಟ ಕಲ್ಲನ್ನು ತೆಗೆದು ಬೇರೊಂದನ್ನಿಡಬಹುದು. ಇಲ್ಲಿ ಹಾರಿಹೋದ ಚಕ್ಕೆಯನ್ನು ಮರಳಿ ಕೂಡಿಸುವಂತಿಲ್ಲ. ಈ ಮಾತನ್ನು ತರಗತಿಯಲ್ಲಿ ಎಷ್ಟೋ ಸಾರಿ ಹೇಳಿದ್ದೆ.

ಈ ಗುಹೆಯ ಶಾಸನ ಶಕವರ್ಷ 500ರದು, ಅಂದರೆ ಕ್ರಿ. ಶ. 578ರದು. ಕಾರ್ತಿಕ ಹುಣ್ಣಿಮೆಯಂದು ಮಂಗಳೇಶನು ಇಲ್ಲಿ ವಿಷ್ಣುವನ್ನು ಪ್ರತಿಷ್ಠಿಸಿ, ಆ ಪುಣ್ಯಫಲವನ್ನೆಲ್ಲ ತನ್ನಣ್ಣ ಕೀರ್ತಿವರ್ಮನಿಗೆ ಧಾರೆಯೆರೆದು, ತನಗೆ ಅಣ್ಣನ ಸೇವೆಯ ಫಲವೊಂದೇ ಸಾಕೆಂದು ಬರೆಯಿಸಿದನು. ಬಳಿಯಲ್ಲಿಯೇ ಅವನದೊಂದು ಪುಟ್ಟ ಕನ್ನಡ ಶಾಸನವಿದೆ. ಅದು ಈ ಮಹಾಗುಹೆಯನ್ನು "ಕಲ್ಮನೆ" ಎಂದು ಕರೆಯುತ್ತದೆ. ಹೂಮಾಲೆ ಕಟ್ಟುವವರಿಗೆ ಲಂಜಿಗೇಸರವೆಂಬ ಹಳ್ಳಿಯನ್ನು ದತ್ತಿಯಾಗಿ ಕೊಟ್ಟುದನ್ನು ಹೇಳುತ್ತದೆ. ಅದೇ ಇಂದಿನ ನಂದಿಕೇಶ್ವರ ಗ್ರಾಮ. ಕಲ್ಲಿನ ಮನೆ, ಕಲ್ಮನೆ! ಇದಕ್ಕಿಂತ ಸರಳವಾಗಿ ಯಾವ ಪಂಡಿತನು ಹೇಳಿಯಾನು? ಆದರೆ ಮುಂದಿನ ಕಥೆಯನ್ನು ಮೊಮ್ಮಗನಿಗೆ ಹೇಳದೆ ಇರಲಾಗಲಿಲ್ಲ. ಅಣ್ಣನು ತೀರಿಕೊಂಡ ಮೇಲೆ ಪಟ್ಟವೇರಿದ ಮಂಗಳೇಶನು ಅದನ್ನು ಅಣ್ಣನ ಮಗನಿಗೆ ಬಿಟ್ಟುಕೊಡದೆ ತನ್ನ ಮಗನಿಗೆ ಕೊಡಲೆಳಸಿದನು. ಆ ಅಣ್ಣನ ಮಗ ಇಮ್ಮಡಿ ಪುಲಕೇಶಿಯೊಡನೆ ಕಾದಾಡಿ ಮಡಿದನು. ಶಾಸನವು ಬಂಡೆಯಲ್ಲಿ ಉಳಿಯಿತು, ಭ್ರಾತೃಭಕ್ತಿ ಉಳಿಯಲಿಲ್ಲ. ಪುಣ್ಯವನ್ನು ಇನ್ನೊಬ್ಬರಿಗೆ ಧಾರೆಯೆರೆದವರ ಮಾತು ಹೀಗಿರಲು, ಇನ್ನೊಬ್ಬರ ತಪ್ಪನ್ನು ತನ್ನ ಮೇಲೆ ಎಳೆದುಕೊಂಡ ಹದಿನೈದು ವರ್ಷದ ಹುಡುಗನೊಬ್ಬ ನನ್ನ ಕಣ್ಣೆದುರು ನಿಂತನು. ಮೊಮ್ಮಗನಿಗೆ ಆಗಲೇ ಹೇಳಿಬಿಡಬಹುದಾಗಿತ್ತು. ಹೇಳಲಿಲ್ಲ.

ಇಲ್ಲಿ ರಾಜರು ಮಾತ್ರವಲ್ಲದೆ ಕಲ್ಲು ಕಡಿದವರೂ ತಮ್ಮ ಹೆಸರುಗಳನ್ನು ಬಿಟ್ಟಿದ್ದಾರೆ. ಕೋಳಿಮಂಚಿ ಎಂಬುದು ಅಂಥದೊಂದು ಹೆಸರು. ತಾವು ಮುಂದೆ ಹೋದಾಗ ಶಿಲ್ಪಗಳೊಡನೆ ಈ ಸಣ್ಣ ಅಕ್ಷರಗಳನ್ನೂ ಹುಡುಕಬೇಕೆಂದು ವಿನಂತಿ. ಅವುಗಳ ಸುತ್ತ ನಮ್ಮಂಥವರು ಗೀರಿದ ಹೆಸರುಗಳೂ ಹೃದಯದ ಗುರುತುಗಳೂ ಕಡಿಮೆಯಿಲ್ಲ. ರಕ್ಷಿತ ಸ್ಮಾರಕವನ್ನು ಕೆಡಿಸುವುದು 1958ರ ಕಾಯಿದೆಯ ಪ್ರಕಾರ ಅಪರಾಧ. ನಾವು ಮೊಳೆ ಹಿಡಿದಾಗ ಆ ಕಾಯಿದೆಗೆ ಹದಿನಾಲ್ಕು ವರ್ಷ ತುಂಬಿತ್ತು!

ಕೆರೆಯ ದಂಡೆಯನ್ನು ಸುತ್ತಿ ಭೂತನಾಥನ ಗುಡಿಗೆ ಬಂದೆವು. ಅಲ್ಲಿಂದ ತಟ್ಟುಕೋಟೆಯ ಕಡೆಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವನ್ನು ನೋಡಿದೆವು. ಸುಮಾರು ಕ್ರಿ. ಶ. 700ರ ಈ ಬರಹದಲ್ಲಿ ಕನ್ನಡದ ಅತಿ ಹಳೆಯ ತ್ರಿಪದಿಗಳಿವೆ. ನಮ್ಮ ತಾಯಂದಿರು ಬೀಸುಕಲ್ಲಿನ ಮುಂದೆ ಹಾಡಿದ್ದೂ, ಸರ್ವಜ್ಞನು ನುಡಿದದ್ದೂ ಇದೇ ಮಟ್ಟಿನಲ್ಲಿ. ರಾಜನಲ್ಲದ ಒಬ್ಬಾತನ ಸ್ವಭಾವವನ್ನು ನೆನಪಿಡಬೇಕೆಂದು ಯಾರೋ ಇಷ್ಟು ಶ್ರಮ ವಹಿಸಿದರಲ್ಲ ಎಂದು ಅಲ್ಲಿ ನಿಂತಾಗಲೆಲ್ಲ ನನಗೆ ಬೆರಗಾಗುತ್ತದೆ.

ಮಧ್ಯಾಹ್ನ ಸಿಡಿಲಫಡಿಗೆ ನಡೆದೆವು. ಕುರುಚಲು ಕಾಡು, ಕಾಲಡಿಯಲ್ಲಿ ಜಾರುವ ಮರಳು, ಬಂಡೆಗಳಿಂದ ಹೊರಡುವ ಝಳ. ನನ್ನ ಮೊಣಕಾಲುಗಳು ಎರಡು ಸಾರಿ ಮುಷ್ಕರ ಹೂಡಿದವು. ಅಲ್ಲಿ ನಿಸರ್ಗವೇ ಕೊರೆದ ಬಂಡೆಯ ಕಮಾನಿನಡಿಯಲ್ಲಿ ಇತಿಹಾಸಪೂರ್ವ ಕಾಲದ ಮನುಷ್ಯರು ಬರೆದ ಕೆಂಪು ಚಿತ್ರಗಳಿವೆ. ಬರೆದವರಿಗೆ ಅಕ್ಷರಗಳೇ ಇರಲಿಲ್ಲವಾದುದರಿಂದ ಹೆಸರಿನ ಗೊಡವೆಯೂ ಇಲ್ಲ.

ಹಿಂದಿರುಗುವಾಗ ಬಿಸಿಲು ಇಳಿದಿತ್ತು. ಭೂತನಾಥನ ಹಿಂದಿನ ಬಂಡೆಗಳಲ್ಲಿ ನಾಲ್ಕು ಸಂದುಗಳನ್ನು ಹೊಕ್ಕು ಹೊರಬಂದೆ. ಏನನ್ನು ಹುಡುಕುತ್ತೀರೆಂದು ಹುಡುಗನು ಕೇಳುತ್ತಲೇ ಇದ್ದನು. ಐದನೆಯದರಲ್ಲಿ ಅವನೇ ಕರೆದನು: "ಅಜ್ಜಾ, ಇಲ್ಲಿ ನಿಮ್ಮ ಹೆಸರು ಐತಿ ನೋಡ್ರಿ!"

ಮೇಲೆ ಗೆಳೆಯನ ಹೆಸರು, ಸ್ಪಷ್ಟವಾಗಿ, ಆಳವಾಗಿ. ಕೆಳಗೆ ನನ್ನದು. ಆದರೆ ನನ್ನ ಹೆಸರಿನ ಮೊದಲೆರಡು ಅಕ್ಷರಗಳು ಮಾತ್ರ ಕೋಳಿ ಕೆದರಿದಂತೆ ಗೀರುಗೀರಾಗಿವೆ. ಮೂರನೆಯದರಿಂದ ಮುಂದಿನವು ಮೇಲಿನ ಸಾಲಿನಷ್ಟೇ ಆಳ; ತಲಕಟ್ಟು ಎಡಕ್ಕೆ ಬಾಗಿದ ಅವನದೇ ಬರವಣಿಗೆ. ಆಗ ಎಲ್ಲವೂ ನೆನಪಿಗೆ ಬಂದಿತು. ನನ್ನ ಕೈ ಸೋತಿತ್ತು. ಸಾಕು, ಹೋಗೋಣವೆಂದಿದ್ದೆ. "ಅರ್ಧಾ ಹೆಸರ ಬಿಟ್ಟ ಹೋಗಬಾರದೋ" ಎಂದು ಮೊಳೆಯನ್ನು ಕಸಿದುಕೊಂಡು ಉಳಿದ ಅಕ್ಷರಗಳನ್ನು ಅವನೇ ಮುಗಿಸಿದ್ದನು. ಹೆಬ್ಬೆರಳು ಒಡೆದುದು ನನ್ನ ಹೆಸರಿನಲ್ಲಿ. ಇಷ್ಟು ವರ್ಷ ನನ್ನ ಮೌನವೊಂದನ್ನೇ ನೆನಪಿಟ್ಟುಕೊಂಡು ಇದನ್ನು ಹೇಗೆ ಮರೆತಿದ್ದೆನೋ ತಿಳಿಯದು.

"ಇನ್ನೊಂದು ಹೆಸರು ಯಾರದು?" ಎಂದು ಮೊಮ್ಮಗನು ಕೇಳಿದನು. ಆ ಸಂದಿನಲ್ಲಿಯೇ ಕುಳಿತು ಮೊದಲಿನಿಂದ ಹೇಳಿದೆನು. ಅವನು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, "ನೀವು ಯಾಕ ಸುಮ್ಮನ ಕುಂತ್ರಿ?" ಎಂದಷ್ಟೇ ಕೇಳಿದನು. ಅಂಜಿದೆನೆಂದು ಹೇಳಿದೆ. ಬೇರೆ ಉತ್ತರ ಇರಲಿಲ್ಲ.

ಕೆಳಗಿಳಿದ ಮೇಲೆ ಕೆರೆಯ ದಂಡೆಯಲ್ಲಿದ್ದ ಕಾವಲುಗಾರರೊಬ್ಬರಿಗೆ ನನ್ನ ತಪ್ಪನ್ನು ಒಪ್ಪಿಸಿ, ಅದನ್ನು ಅಳಿಸಲು ಬರುವುದೇ ಎಂದು ವಿಚಾರಿಸಿದೆ. ಅವರು ಸಿಟ್ಟಾಗುವರೆಂದು ತಿಳಿದಿದ್ದೆ; ಪುಣ್ಯಾತ್ಮರು ನಕ್ಕರು. "ಬಿಡ್ರಿ ಅಜ್ಜಾರ. ಅಳಸಾಕ ಹೋದ್ರ ಕಲ್ಲಿಗೆ ಇನ್ನೊಂದು ಗಾಯ ಆಗತೈತಿ. ಈ ಹುಡುಗಗ ಹೇಳಿ ಇಡ್ರಿ, ಸಾಕು" ಎಂದರು.

ಗದಗಿಗೆ ಬಂದಾಗ ರಾತ್ರಿಯಾಗಿತ್ತು. ಗೆಳೆಯನ ಮಗ ಮುಂಡರಗಿಯ ಕಡೆಯ ಆ ಹಳ್ಳಿಯಲ್ಲಿಯೇ ಒಕ್ಕಲುತನ ಮಾಡಿಕೊಂಡಿದ್ದಾನೆ. ಅವನ ತಂದೆ ಶಾಲೆ ಬಿಟ್ಟ ಕಾರಣವನ್ನು ಮನೆಯಲ್ಲಿ ಏನೆಂದು ಹೇಳಿಕೊಂಡಿದ್ದನೋ ನಾನರಿಯೆ. ಮೊಮ್ಮಗನು ಬಂಡೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡಿದ್ದನು. ನಾವು ಸ್ಟೇಶನ್ನಿನಿಂದ ನೇರವಾಗಿ ಬಸ್ ನಿಲ್ದಾಣಕ್ಕೆ ಹೋಗಿ, ಮುಂಡರಗಿಗೆ ಮೊದಲನೆಯ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆಂದು ಕೇಳಿಕೊಂಡು ಮನೆಗೆ ನಡೆದೆವು.