ವಾಡಿ ದಾಟಿದರೆ ಯಾವ ಭಾಷೆ?

ಏಷ್ಯಾ ಖಂಡದಲ್ಲಿ ಅತಿ ಹೆಚ್ಚು ಜನರ ತಾಯ್ನುಡಿ ಯಾವುದು? ಪಿಡಿಒ, ಪಿಎಸ್‌ಐ ಪರೀಕ್ಷೆಗೆ ಓದುವ ನಮ್ಮ ಕಡೆಯ ಹುಡುಗರಿಗೆ ಇದು ಬಾಯಿಪಾಠ. ಮೊದಲು ಮ್ಯಾಂಡರಿನ್ ಚೀನಿ, ಆಮೇಲೆ ಹಿಂದಿ, ಬಂಗಾಳಿ ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಈ ಪಟ್ಟಿ ಕೇಳಿದಾಗೆಲ್ಲ ನನ್ನ ಮನಸ್ಸು ಕುರಕುಂಟಾದ ಬಜಾರಿಗೆ ಹೋಗುತ್ತದೆ. ಸೇಡಂ ತಾಲೂಕಿನ ಆ ಊರಿನವರನ್ನು ಇದರ ಯಾವ ಸಾಲಿಗೆ ಸೇರಿಸುವುದು?

ಅಲ್ಲಿನ ಯಾವುದಾದರೂ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಒಂದು ತಾಸು ಕೂತು ನೋಡಿರಿ. ‘ತೊಗರಿ ರೇಟ್ ಏನ್ ನಡ್ದದ್ರೀ ಕಾಕಾ?’ ಎಂದು ಒಬ್ಬ ರೈತ ಕೇಳುತ್ತಾನೆ. ಅವನಿಗೆ ಕನ್ನಡದಲ್ಲಿ ಉತ್ತರ ಕೊಟ್ಟ ಸಾವಕಾರ, ಗಡಿಯಾಚೆಯ ತೆಲಂಗಾಣದ ತಾಂಡೂರಿನಿಂದ ಬಂದವನ ಕಡೆ ತಿರುಗಿ ತೆಲುಗಿನಲ್ಲಿ ಲೆಕ್ಕ ಹೇಳುತ್ತಾನೆ. ‘ಕಿತ್ತೆ ಹುಯೆ ಭಾಯ್?’ ಎಂದ ಲಾರಿ ಡ್ರೈವರನಿಗೆ ದಖ್ಖನಿಯಲ್ಲೇ ಚಿಲ್ಲರೆ ಎಣಿಸಿ ಕೊಡುತ್ತಾನೆ. ತಾಂಡಾದಿಂದ ಬಂದ ತಾಯಿ ಮಗಳೊಂದಿಗೆ ಲಂಬಾಣಿಯಲ್ಲಿ ಮಾತಾಡಿಕೊಂಡು, ಸಕ್ಕರಿ ಚಾಪುಡಿಯನ್ನು ಕನ್ನಡದಲ್ಲಿ ಕೇಳುತ್ತಾಳೆ. ಯಾರಿಗೂ ಇದು ವಿಶೇಷವೆನಿಸುವುದಿಲ್ಲ. ಬಹುಭಾಷಾ ಪಂಡಿತರೆಂದು ಅಲ್ಲಿ ಯಾರಿಗೂ ಯಾರೂ ಶಾಲು ಹೊದಿಸಿಲ್ಲ. ಇದನ್ನು ದೊಡ್ಡ ವಿದ್ಯೆ ಎಂದು ನಾನು ನಿಜವಾಗಿಯೂ ನಂಬಿದ್ದೇನೆ.

ಹೀಗಾಗಲು ನೆಲದಡಿಯ ಕಲ್ಲೂ ಒಂದು ಕಾರಣ. ಶಹಾಬಾದಿನ ಹಾಸುಗಲ್ಲು, ತಾಂಡೂರಿನ ಹಾಸುಗಲ್ಲು ಎರಡೂ ಭೀಮಾ ಕೊಳ್ಳದ ಸುಣ್ಣಕಲ್ಲಿನವೇ. ಮೇಲೆ ಕನ್ನಡ ಹೋಗಿ ತೆಲುಗು ಬಂದರೂ ಕೆಳಗಿನ ಪದರ ಒಂದೇ. ಆ ಕಲ್ಲನ್ನು ಹುಡುಕಿಕೊಂಡು ವಾಡಿ, ಸೇಡಂ, ಮಳಖೇಡಗಳಿಗೆ ಸಿಮೆಂಟ್ ಕಾರ್ಖಾನೆಗಳು ಬಂದವು. ಕುರಕುಂಟಾದಲ್ಲಿ ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಪೊರೇಷನ್ನೇ ಕಾರ್ಖಾನೆ ಹಾಕಿತು. 1990ರ ದಶಕದ ಕೊನೆಗೆ ಅದು ನಿಂತಿತು. ನಡೆಯುತ್ತಿದ್ದ ದಿನಗಳಲ್ಲಿ ಕಾಲೊನಿಯ ಮಕ್ಕಳು ಆಟದ ಮೈದಾನದಲ್ಲೇ ಇನ್ನೊಬ್ಬರ ಭಾಷೆ ಕಲಿತುಬಿಡುತ್ತಿದ್ದರು. ಅದಕ್ಕೂ ಬಹಳ ಹಿಂದೆ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹಳಿ ಬಿತ್ತು. ಇಂದಿಗೂ ಆ ಹಳಿಯ ಗಾಡಿಯಲ್ಲಿ ವಾಡಿ ಬಿಟ್ಟು ಚಿತ್ತಾಪುರ, ಮಳಖೇಡ ರೋಡ್, ಸೇಡಂ, ಕುರಕುಂಟಾ ದಾಟಿ ತಾಂಡೂರು ಮುಟ್ಟುವವರೆಗೆ ಡಬ್ಬಿಯೊಳಗಿನ ಮಾತಿಗೆ ಕಿವಿಗೊಟ್ಟರೆ, ಕನ್ನಡ ಎಲ್ಲಿ ಮುಗಿಯಿತು, ತೆಲುಗು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ನೆಲವನ್ನು ಭಾಷೆಯ ಪ್ರಕಾರ ಹಂಚಿ ಗೆರೆ ಎಳೆದರು. ನಮಗೆ ಅದು ಬೇಕೇ ಬೇಕಿತ್ತು. ಕಚೇರಿ, ಶಾಲೆಗಳಲ್ಲಿ ಉರ್ದು ಮೇಲಾಗಿ ಕನ್ನಡ ಮೂಲೆಗೆ ಬಿದ್ದ ಕಾಲವನ್ನು ಕಂಡ ಮುತ್ಯಾಗಳಿಗೆ ಆ ದಿನದ ಬೆಲೆ ಗೊತ್ತಿತ್ತು. ಆದರೆ ಗೆರೆಯ ಎರಡೂ ಬದಿಯ ಬೀಗತನ, ಸಂತೆ, ಜಾತ್ರೆ ನಿಲ್ಲಲಿಲ್ಲ.

ಮಳಖೇಡದ ಹೆಸರು ಬಂದಮೇಲೆ ಸುಮ್ಮನೆ ಮುಂದೆ ಹೋಗಲು ಮನಸ್ಸು ಬಾರದು. ಕಾಗಿಣಾ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಕಾಲದ ‘ಕವಿರಾಜಮಾರ್ಗ’ ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳಿದ್ದನ್ನು ಎಲ್ಲರೂ ನೆನೆಯುತ್ತಾರೆ. ಅದೇ ಗ್ರಂಥ ಇನ್ನೊಂದು ಮಾತನ್ನೂ ಹೇಳುತ್ತದೆ: ಕನ್ನಡಗಳ ದೇಸಿ ಬೇರೆ ಬೇರೆಯಾಗಿರುವುದರಿಂದ, ಅವನ್ನೆಲ್ಲ ತಿಳಿಯಹೊರಟರೆ ವಾಸುಕಿಗೂ ಬೇಸರ ಬಂದೀತು. ಅರಮನೆಯ ಪಕ್ಕದಲ್ಲಿ ಕೂತು ಅದನ್ನು ಬರೆದ ಶ್ರೀವಿಜಯ ಕನ್ನಡವನ್ನು ಒಂದೆಂದು ಎಣಿಸದೆ ‘ಕನ್ನಡಂಗಳ್’ ಎಂದು ಬಹುವಚನದಲ್ಲಿ ಕಂಡ. ಸಾವಿರದ ಇನ್ನೂರಕ್ಕೆ ಹತ್ತಿರ ವರ್ಷಗಳ ಹಿಂದಿನ ಆ ತಿಳಿವಳಿಕೆಗೆ ನಾನು ತಲೆಬಾಗುತ್ತೇನೆ. ಅದೇ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತ ಬರೆದ. ಮುಂದೆ ಮೂರನೆಯ ಕೃಷ್ಣನು ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದು ಕೊಟ್ಟ. ಕನ್ನಡ ಸಂಸ್ಕೃತ ಎರಡರಲ್ಲೂ ಬರೆಯುವುದು ಅಲ್ಲಿ ಬಿರುದಿಗೆ ತಕ್ಕ ಕೆಲಸ. ಪುಷ್ಪದಂತನಂತೂ ಮಾನ್ಯಖೇಟದಲ್ಲಿಯೇ ಕೂತು ಅಪಭ್ರಂಶದಲ್ಲಿ ತನ್ನ ‘ಮಹಾಪುರಾಣ’ವನ್ನು 965ರಲ್ಲಿ ಮುಗಿಸಿದ. ಹಿಂದಿ ಸಾಹಿತ್ಯದ ಚರಿತ್ರೆ ಬರೆಯುವವರು ಅಪಭ್ರಂಶದ ಈ ಕವಿಯನ್ನು ನೆನೆಯದೆ ಮುಂದೆ ಹೋಗುವುದು ಕಷ್ಟ. ಅವನು ಬರೆದದ್ದು ನಮ್ಮ ಸೇಡಂ ತಾಲೂಕಿನಲ್ಲಿ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳುವವರು ಕಡಿಮೆ.

ಈಗ ಜನಗಣತಿಯ ಹಾಳೆಗೆ ಬರೋಣ. ತಾಯ್ನುಡಿ ಎಂದರೆ ಬಾಲ್ಯದಲ್ಲಿ ತಾಯಿ ಆಡಿದ ಮಾತು ಎಂದು ಗಣತಿಯ ವ್ಯಾಖ್ಯೆ. ಒಬ್ಬರಿಗೆ ಒಂದೇ ತಾಯ್ನುಡಿ, ಅದರ ಜೊತೆ ಗೊತ್ತಿರುವ ಇನ್ನೆರಡು ಭಾಷೆಗೆ ಜಾಗ. ಕುರಕುಂಟಾದ ಆ ಸಾವಕಾರನ ಮೂರು ಮಾತುಗಳಿಗೇ ಆ ಜಾಗವೆಲ್ಲ ತುಂಬಿಹೋಗುತ್ತದೆ. ಖಂಡಗಳ ಪಟ್ಟಿಗಳೂ ತಾಯ್ನುಡಿಯ ಲೆಕ್ಕವನ್ನೇ ನೆಚ್ಚಿಕೊಂಡಿವೆ. ಆಫ್ರಿಕಾದ ಸ್ವಾಹಿಲಿ ಕೋಟಿಗಟ್ಟಲೆ ಜನರ ವ್ಯವಹಾರದ ಮಾತು. ತಾಯ್ನುಡಿ ಎಂದು ಎಣಿಸಿದರೆ ಅದು ಅದೇ ಖಂಡದ ಹೌಸಾ ಭಾಷೆಗಿಂತ ಬಹಳ ಕೆಳಗೆ ಬೀಳುತ್ತದೆ. ವಾಡಿ ಜಂಕ್ಷನ್ನಿನಲ್ಲಿ ಹಮಾಲರಿಂದ ಹಿಡಿದು ಚಹಾ ಮಾರುವವರವರೆಗೆ ಎಲ್ಲರೂ ಆಡುವ ದಖ್ಖನಿಯ ಪಾಡೂ ಅದೇ. ಅದನ್ನು ಮನೆಮಾತಾಗಿ ಆಡುವವರು ಕೂಡ ಗಣತಿಯಲ್ಲಿ ಹೆಚ್ಚಾಗಿ ಉರ್ದು ಎಂದು ಬರೆಸುತ್ತಾರೆ.

ನನಗೆ ನಿಜವಾಗಿ ನೋವಾಗುವುದು ತಾಂಡಾಗಳ ವಿಷಯದಲ್ಲಿ. 2011ರ ಗಣತಿಯಲ್ಲಿ ಹಿಂದಿ 52 ಕೋಟಿ 83 ಲಕ್ಷ, ಕನ್ನಡ 4 ಕೋಟಿ 37 ಲಕ್ಷ. ಹಿಂದಿಯ ಮೊತ್ತವನ್ನು ಬಿಚ್ಚಿದರೆ, ಹಿಂದಿಯನ್ನೇ ತಾಯ್ನುಡಿಯಾಗಿ ಹೇಳಿದವರು ಸುಮಾರು 32 ಕೋಟಿ. ಉಳಿದದ್ದರಲ್ಲಿ ಭೋಜಪುರಿಯೊಂದೇ 5 ಕೋಟಿ, ಕನ್ನಡಕ್ಕಿಂತ ದೊಡ್ಡದು. ಅದೇ ಗುಂಪಿನೊಳಗೆ ಇನ್ನೊಂದು ಸಾಲಿದೆ: ಲಮಾಣಿ–ಲಂಬಾಡಿ, 32 ಲಕ್ಷ 76 ಸಾವಿರ. ಚಿಂಚೋಳಿಯ ತಾಂಡಾದಲ್ಲಿ ಮೊಮ್ಮಗಳಿಗೆ ಲಂಬಾಣಿಯಲ್ಲಿ ಹಾಡು ಕಲಿಸುವ ಅಜ್ಜಿ ದಿಲ್ಲಿಯ ಕೋಷ್ಟಕದಲ್ಲಿ ಹಿಂದಿಯವಳು. ಕೊಂಕಣಿ, ಡೋಗ್ರಿ, ಸಿಂಧಿಗಳಿಗಿಂತ ಹೆಚ್ಚು ಜನ ಆಡುವ ಭಾಷೆ ಇದು. ಆ ಮೂರಕ್ಕೂ ಎಂಟನೆಯ ಅನುಸೂಚಿಯಲ್ಲಿ ಜಾಗ ಇದೆ, ಲಂಬಾಣಿಗೆ ಇನ್ನೂ ಇಲ್ಲ. ಬೇಡಿಕೆ ಇಟ್ಟ ಮೂವತ್ತೆಂಟು ಭಾಷೆಗಳಲ್ಲಿ ಬಂಜಾರ ಎಂಬ ಹೆಸರಿನಿಂದ ಲಂಬಾಣಿಯೂ ತುಳು, ಕೊಡವಗಳ ಜೊತೆ ಕಾಯುತ್ತಿದೆ.

ಕಾಯುವಿಕೆ ಹಾಗಿರಲಿ, ಗಡಿಯ ಕಷ್ಟವೇ ಬೇರೆ. ಕುಂಚಾವರಂ ಬದಿಯ ತಾಂಡಾದವರು ಲಂಬಾಣಿಯನ್ನು ಬರೆಯಬೇಕಾದರೆ ಕನ್ನಡ ಲಿಪಿ, ತೆಲಂಗಾಣದ ಬೀಗರು ತೆಲುಗು ಲಿಪಿ, ಮಹಾರಾಷ್ಟ್ರದ ನೆಂಟರು ದೇವನಾಗರಿ. ನಮ್ಮಲ್ಲಿ ಅವರು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಮದುವೆಯ ಚಪ್ಪರದಲ್ಲಿ ಸೇರಿದಾಗ ಮಾತಿಗೆ ಏನೂ ಅಡ್ಡಿಯಿಲ್ಲ, ಹಾಡೂ ಕೂಡಿಯೇ ಹೇಳುತ್ತಾರೆ. ಅದೇ ಹಾಡನ್ನು ಬರೆದುಕೊಟ್ಟರೆ ಒಬ್ಬರದನ್ನು ಇನ್ನೊಬ್ಬರು ಓದಲಾರರು. ಮೂರು ಲಿಪಿಯಲ್ಲೂ ಒಟ್ಟಿಗೆ ಅಚ್ಚಾದ ಒಂದು ಒಳ್ಳೆಯ ಲಂಬಾಣಿ ಹಾಡಿನ ಪುಸ್ತಕವನ್ನು ನಮ್ಮ ವಿಶ್ವವಿದ್ಯಾಲಯಗಳು ತರಬೇಕು. ಮೊದಲ ಪ್ರತಿಗಳು ಚಿಂಚೋಳಿ, ಸೇಡಂಗಳ ತಾಂಡಾ ಶಾಲೆಗಳಿಗೆ ಹೋಗಬೇಕು. 2027ರ ಗಣತಿಗೆ ಎಣಿಕೆದಾರರು ಬಾಗಿಲಿಗೆ ಬಂದಾಗ ತಾಂಡಾದವರು ತಾಯ್ನುಡಿಯ ಜಾಗದಲ್ಲಿ ‘ಲಂಬಾಣಿ’ ಎಂದೇ ಬರೆಸಿ, ಕನ್ನಡವನ್ನು ಅದರ ಪಕ್ಕದ ಜಾಗದಲ್ಲಿ ತುಂಬಿಸಲಿ. ಹಾಗೆ ಬರೆಸಿದರೆ ಕನ್ನಡಕ್ಕೆ ಏನೂ ಕಡಿಮೆಯಾಗುವುದಿಲ್ಲ.